ಬೆಳೆ ತಿನ್ನುವ ಹಂದಿ-ಜಿಂಕೆಗಳು: ಬಂದೂಕಿಗೆ ತಕ್ಕ ಗುಂಡನ್ನು ಆರಿಸುವ ಕ್ರಮ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಹಿಡುವಳಿದಾರರಿಗೂ ಊರ ಪ್ರಮುಖರಿಗೂ ತಿಳಿಯಪಡಿಸುವುದೇನೆಂದರೆ: ಗೋವಿನಜೋಳ ತೆನೆ ಕಟ್ಟುವ ಕಾಲದಲ್ಲಿ, ಇಲ್ಲವೆ ಶೇಂಗಾ ಕಾಯಿ ಬಲಿಯುವ ಕಾಲದಲ್ಲಿ ಕಾಡುಹಂದಿಗಳ ಹಿಂಡೊಂದು ಹೊಲವನ್ನು ಹೊಕ್ಕರೆ, ಒಂದೇ ರಾತ್ರಿಯಲ್ಲಿ ಒಕ್ಕಲಿಗನ ವರ್ಷದ ದುಡಿಮೆ ಮಣ್ಣುಪಾಲಾಗುವುದು. ಆಗ ಸಿಟ್ಟಿನಿಂದ ಬಂದೂಕಿಗೆ ಕೈಹಾಕುವುದು ಸಹಜ. ಆದರೆ ತಪ್ಪು ಗುಂಡು ತುಂಬಿದ ಬಂದೂಕು ಹಂದಿಯನ್ನು ಕೊಲ್ಲದೆ ಗಾಯಗೊಳಿಸುವುದು. ಗಾಯಗೊಂಡ ಹಂದಿ ಕಬ್ಬಿನಲ್ಲಿ ಅಡಗಿದ್ದು, ಮರುದಿನ ಕಳೆ ತೆಗೆಯಲು ಬಂದವರ ಮೇಲೆ ಬೀಳುವುದು. ಆದುದರಿಂದ ಯಾವ ಗುಂಡು ಯಾವುದಕ್ಕೆ ತಕ್ಕುದು, ಯಾವಾಗ ಬಂದೂಕನ್ನು ಮುಟ್ಟಲೇಕೂಡದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

೧. ಮೊದಲು ಅಪ್ಪಣೆ

ಸಂಸ್ಥಾನಗಳ ಕಾಲದ ಬೇಟೆಯ ಪದ್ಧತಿ ಈಗ ನಡೆಯದು. ರಾಮದುರ್ಗ ಸಂಸ್ಥಾನವು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿತು. ೨೦೨೨ರ ತಿದ್ದುಪಡಿಯ ಮೇರೆಗೆ ಕಾಡುಹಂದಿ ಮತ್ತು ಚುಕ್ಕಿ ಜಿಂಕೆಗಳು ಎರಡನೆಯ ಅನುಸೂಚಿಯಲ್ಲಿವೆ. ಇವು ನಿಂತ ಬೆಳೆಗೆ ಅಪಾಯಕಾರಿಯಾದಾಗ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣವನ್ನು ಬರೆದು ಲಿಖಿತ ಅಪ್ಪಣೆ ಕೊಡಬಹುದು. ಚಿಗರಿ, ಎಂದರೆ ಕೃಷ್ಣಮೃಗವು ಮೊದಲನೆಯ ಅನುಸೂಚಿಯಲ್ಲಿದೆ. ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಹೊಡೆಯಲು ಅಪ್ಪಣೆ ದೊರೆಯದು. ಅಪ್ಪಣೆಯಿಂದ ಕೊಂದ ಪ್ರಾಣಿಯೂ ಸರಕಾರದ ಸ್ವತ್ತು. ಅದರ ಮಾಂಸವನ್ನು ಹಂಚಿಕೊಳ್ಳಕೂಡದು.

ಬಂದೂಕಿಗೆ ಬೇರೆ ಪರವಾನಗಿ ಬೇಕು. ೧೯೫೯ರ ಆಯುಧ ಕಾಯಿದೆಯು ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ಹೆಸರಿಸಿಯೇ ಹೇಳಿದೆ. ಆದರೆ ಬಂದೂಕಿನ ಪರವಾನಗಿಯು ಪ್ರಾಣಿಯನ್ನು ಹೊಡೆಯುವ ಅಪ್ಪಣೆಯಲ್ಲ. ಎರಡೂ ಕೈಯಲ್ಲಿರತಕ್ಕದ್ದು.

೨. ಗುಂಡಿನ ಬಗೆಗಳು

ನುಣುಪು ನಳಿಗೆಯ ೧೨ರ ಬಂದೂಕಿಗೆ ಆ ಹೆಸರು ಬಂದುದು ಹೀಗೆ: ಅದರ ನಳಿಗೆಯ ಅಳತೆಯ ಸೀಸದ ಉಂಡೆಗಳು ೧೨ ಸೇರಿದರೆ ಒಂದು ಪೌಂಡು ತೂಗುವುವು. ಇದರ ತೋಟಾಗಳಲ್ಲಿ ಸಣ್ಣ ಛರೆಯವು ಹಕ್ಕಿಗಳಿಗಾಗಿ ಮಾಡಿದವು. ಬಲಿತ ಗಂಡುಹಂದಿಯ ಭುಜದ ಮೇಲೆ ದಪ್ಪ ಗಡುಸು ಪದರವಿರುತ್ತದೆ. ಸಣ್ಣ ಛರೆ ಅದರಲ್ಲಿಯೇ ನಿಂತು, ಕೀವುಗಟ್ಟಿ, ಪ್ರಾಣಿಯನ್ನು ದಿನಗಟ್ಟಲೆ ನರಳಿಸುವುದು. ಎಲ್.ಜಿ. ಎಂಬ ದಪ್ಪ ಛರೆ ಔನ್ಸಿಗೆ ೬, ಎಸ್.ಜಿ. ಔನ್ಸಿಗೆ ೮ ಇರುತ್ತವೆ. ಇವೂ ದೂರ ಹೋದಂತೆ ಚದುರುವುದರಿಂದ ೩೦ ಹೆಜ್ಜೆಗಳಾಚೆ ನಂಬತಕ್ಕವಲ್ಲ. ಒಂಟಿ ಗುಂಡು ಚದುರದು. ಆದರೆ ನುಣುಪು ನಳಿಗೆಯಲ್ಲಿ ಅದಕ್ಕೂ ೫೦ ಹೆಜ್ಜೆಯೇ ಮಿತಿ.

ರೈಫಲಿನ ನಳಿಗೆಯಲ್ಲಿ ಸುರುಳಿ ಗೆರೆಗಳಿದ್ದು, ಗುಂಡು ತಿರುಗುತ್ತ ನೇರವಾಗಿ ಹೋಗುವುದು. ಇದರ ಗುಂಡುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಪೂರ್ಣ ಲೋಹದ ಕವಚವಿರುವುದು ಆಕಾರ ಕೆಡದೆ ದೇಹವನ್ನು ತೂರಿ ಆಚೆಗೆ ಹೋಗುವುದು. ಗಾಯ ಸಣ್ಣದಾಗಿ ಪ್ರಾಣಿ ಬಹುದೂರ ಓಡುವುದು, ಗುಂಡು ಮುಂದಿನವರಿಗೂ ತಗಲಬಹುದು. ಮೂತಿಯಲ್ಲಿ ಸೀಸ ತೆರೆದಿರುವ ಮೆತ್ತನೆಯ ಗುಂಡು ಒಳಹೊಕ್ಕು ಅಣಬೆಯಂತೆ ಅರಳಿ, ಬಲವನ್ನೆಲ್ಲ ದೇಹದೊಳಗೇ ಕಳೆಯುವುದು. ಕಲಕತ್ತೆಯ ಹತ್ತಿರದ ದಂದಂ ಕಾರಖಾನೆಯಿಂದ ಇಂಥ ಗುಂಡಿಗೆ ಹೆಸರು ಬಂದಿತು. ೧೮೯೯ರ ಹೇಗ್ ಘೋಷಣೆಯು ಇದನ್ನು ಯುದ್ಧದಲ್ಲಿ ನಿಷೇಧಿಸಿತು. ಪ್ರಾಣಿ ಬೇಗ ಸಾಯಲೆಂದು ಬೇಟೆಯಲ್ಲಿ ಇದೇ ಉಳಿಯಿತು. ನಮ್ಮ ದೇಶದಲ್ಲಿ ತಯಾರಾದ .೩೧೫ ರೈಫಲಿಗೆ ೨೪೪ ಗ್ರೇನಿನ ಮೆತ್ತನೆಯ ಮೂತಿಯ ಗುಂಡು ಬಳಕೆಗೆ ಬಂದಿತು. ಹಂದಿಗೂ ಜಿಂಕೆಗೂ ಅದು ಸಾಕು. ಆದರೆ ಗುರಿ ತಪ್ಪಿದ ರೈಫಲಿನ ಗುಂಡು ಮೈಲಿಗೂ ಹೆಚ್ಚು ದೂರ ಹೋಗುವುದು. ನಮ್ಮ ಸಮತಟ್ಟಾದ ಎರೆಹೊಲಗಳಲ್ಲಿ ಅದನ್ನು ತಡೆಯುವ ಗುಡ್ಡವಿಲ್ಲ. ಆದುದರಿಂದ ಮಂಚಿಕೆಯ ಮೇಲಿನಿಂದ ಕೆಳಮುಖವಾಗಿ, ಹಿಂದೆ ಮಣ್ಣೇ ಇರುವಂತೆ ಹಾರಿಸತಕ್ಕದ್ದು.

೩. ಕೈಯಿಂದ ತುಂಬುವಲ್ಲಿ ಎಚ್ಚರಿಕೆ

ಅನುಮತಿ ಕೊಡುವ ಪರವಾನಗಿ ಇಲ್ಲದೆ ಮನೆಯಲ್ಲಿ ತೋಟಾ ತಯಾರಿಸುವುದು ಅಪರಾಧ. ಬಾಯಿಯಿಂದ ತುಂಬುವ ಬಂದೂಕು ಉಳ್ಳವರು ಇವನ್ನು ನೆನಪಿಡತಕ್ಕದ್ದು:

(ಅ) ಇದಕ್ಕೆ ಕರಿಮದ್ದು ಮಾತ್ರ. ತೋಟಾ ಒಡೆದು ತೆಗೆದ ಹೊಗೆಯಿಲ್ಲದ ಮದ್ದನ್ನು ಹಾಕಿದರೆ ನಳಿಗೆ ಸಿಡಿಯುವುದು.

(ಆ) ಮದ್ದನ್ನು ಅಳತೆಯಿಂದಲೇ ಹಾಕಬೇಕು, ಅಂದಾಜಿನಿಂದಲ್ಲ.

(ಇ) ಗುಂಡು ಮದ್ದಿನ ಮೇಲೆ ಗಟ್ಟಿಯಾಗಿ ಕೂಡಬೇಕು. ನಡುವೆ ಪೊಳ್ಳು ಉಳಿದರೆ ನಳಿಗೆ ಒಡೆಯಬಹುದು. ಜಡಿಯುವ ಸಲಾಕೆಗೆ ಗುರುತು ಹಾಕಿಕೊಂಡರೆ, ಎರಡು ಸಲ ತುಂಬಿದ್ದೂ ಅದರಿಂದ ತಿಳಿಯುವುದು.

(ಈ) ಕೇಪನ್ನು ಎಲ್ಲಕ್ಕೂ ಕೊನೆಗೆ ಇಡಬೇಕು.

೧೨ರ ಬಂದೂಕು ಉಳ್ಳವರು ೨೦ರ ತೋಟಾಗಳನ್ನು ಒಂದೇ ಚೀಲದಲ್ಲಿ ಬೆರಸಕೂಡದು. ೨೦ರ ತೋಟಾ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುವುದು; ಅದರ ಹಿಂದೆ ೧೨ರದನ್ನು ಹಾರಿಸಿದರೆ ಕೈ ಹೋಗುವುದು.

೪. ಗುರಿ

ಪ್ರಾಣಿ ಅಡ್ಡವಾಗಿ ನಿಂತಾಗ, ಮುಂಗಾಲಿನ ಬೆನ್ನಿಗೆ, ದೇಹದ ಕೆಳಗಿನ ಮೂರನೆಯ ಭಾಗಕ್ಕೆ ಗುರಿಯಿಡಬೇಕು. ಎದೆಗುಂಡಿಗೆ ಇರುವುದು ಅಲ್ಲಿ. ಓಡುವುದನ್ನೂ, ಬೆಳೆ ಅಲುಗಿದ ಕಡೆಗೂ ಹೊಡೆಯಕೂಡದು. ಆ ಅಲುಗಾಟ ನೆರೆಹೊಲದವನದೂ ಆಗಿರಬಹುದು. ಗಾಯಗೊಂಡುದನ್ನು ರಾತ್ರಿ ಒಬ್ಬರೇ ಹಿಂಬಾಲಿಸಕೂಡದು. ಅರಣ್ಯ ಇಲಾಖೆಗೆ ತಿಳಿಸಿ, ಬೆಳಗಾದ ಮೇಲೆ ಹುಡುಕಬೇಕು.

೫. ಬಂದೂಕಿಗಿಂತ ಮೊದಲಿನ ಉಪಾಯ

ಸಿಡಿಮದ್ದಿನ ಉಂಡೆಯೂ ಮನೆಯ ವಿದ್ಯುತ್ತನ್ನು ಹರಿಸಿದ ತಂತಿಯೂ ಹಂದಿಯನ್ನೂ ಮನುಷ್ಯನನ್ನೂ ಬೇರೆ ಮಾಡಿ ನೋಡವು. ಅವನ್ನು ಯಾರೂ ಇಡಕೂಡದು. ಜೋಳ, ಕಡಲೆಗಳ ಸುತ್ತ ಮುಳ್ಳಿನ ಕುಸುಬಿಯ ಸಾಲು ಹಾಕುವ ನಮ್ಮ ಹಿರಿಯರ ಪದ್ಧತಿಯನ್ನು ಶೇಂಗಾದ ಸುತ್ತಲೂ ಅನುಸರಿಸಬಹುದು. ನಾಲ್ಕಾರು ಹೊಲದವರು ಕೂಡಿ ಸರದಿಯ ಕಾವಲು, ಕವಣೆ, ಬೆಂಕಿ, ಸೌರಶಕ್ತಿಯ ಬೇಲಿ ಇವುಗಳನ್ನು ಏರ್ಪಡಿಸಬಹುದು. ಬೆಳೆ ಹಾಳಾದರೆ ಕೂಡಲೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಸಲ್ಲಿಸತಕ್ಕದ್ದು.

ಇವೆಲ್ಲ ಸಾಲದೆ, ಅಪ್ಪಣೆಯೂ ದೊರೆತಲ್ಲಿ, ತಕ್ಕ ಗುಂಡನ್ನು ತಕ್ಕ ದೂರದಿಂದ ಒಂದೇ ಸಲ ಹಾರಿಸುವುದು ಹೊಲಕ್ಕೂ ಊರಿಗೂ ಕ್ಷೇಮ. ಊರ ಪ್ರಮುಖರು ಇದನ್ನು ಚಾವಡಿಯಲ್ಲಿ ಓದಿಸಿ, ಬಂದೂಕು ಉಳ್ಳವರಿಗೆಲ್ಲ ತಿಳಿಯಹೇಳಬೇಕು.