ಹಲಸೂರಿನಿಂದ ದೆಹಲಿಗೆ ಎಷ್ಟು ಹೊತ್ತು?

ಹಲಸೂರು, ಇಂದಿರಾನಗರಗಳ ಹಳಬರಿಗೆ ವಿಮಾನದ ಸದ್ದು ದೇವಸ್ಥಾನದ ಗಂಟೆಯಷ್ಟೇ ಪರಿಚಿತ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯು ಸ್ಥಾಪನೆಯಾದ ಮೇಲೆ ಊರಿನ ಪೂರ್ವಕ್ಕೆ ವಿಮಾನ ನಿಲ್ದಾಣವು ಬೆಳೆಯಿತು. ಬಹುಕಾಲ ಬೆಂಗಳೂರಿನ ಪ್ರಯಾಣಿಕರು ಅಲ್ಲಿಂದಲೇ ಹಾರುತ್ತಿದ್ದರು. ದೆಹಲಿಯ ವಿಮಾನದ ಸದ್ದು ಕೇಳಿ ಅಕ್ಕಿ ತೊಳೆದಿಟ್ಟರೆ, ನೆಂಟರು ಬಾಗಿಲಿಗೆ ಬರುವ ಹೊತ್ತಿಗೆ ಅನ್ನವಾಗಿರುತ್ತಿತ್ತೆಂದು ನಮ್ಮಜ್ಜಿ ಹೇಳುವುದುಂಟು. ಇದರಲ್ಲಿ ಕೊಂಚ ಅತಿಶಯೋಕ್ತಿ ಇದ್ದೀತು. 2008ರ ಮೇ 24ರಂದು ಪ್ರಯಾಣಿಕ ವಿಮಾನಗಳು ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೋದುವು. ಇದರಿಂದ ದೆಹಲಿಯು ನಮಗೆ ಹತ್ತಿರವಾಯಿತೆ, ದೂರವಾಯಿತೆ?

ಉತ್ತರವನ್ನು ಅಟ್ಲಾಸಿನಿಂದಲೇ ತೆಗೆಯಬಹುದು. ಅಕ್ಷಾಂಶದ ಒಂದು ಡಿಗ್ರಿಯಲ್ಲಿ ಅರವತ್ತು ಮಿನಿಟುಗಳಿವೆ (ಇವು ಗಡಿಯಾರದ ಮಿನಿಟುಗಳಲ್ಲ). ಭೂಮಿಯ ಮೇಲೆ ದಕ್ಷಿಣೋತ್ತರವಾಗಿ ಇಂಥ ಒಂದು ಮಿನಿಟು ಸರಿದರೆ ಒಂದು ನಾವಿಕ ಮೈಲಿ, ಅಂದರೆ 1.852 ಕಿ.ಮೀ. ಹಳೆಯ ನಿಲ್ದಾಣವು 12 ಡಿಗ್ರಿ 57 ಮಿನಿಟಿನಲ್ಲಿಯೂ, ದೇವನಹಳ್ಳಿಯದು 13 ಡಿಗ್ರಿ 12 ಮಿನಿಟಿನಲ್ಲಿಯೂ, ದೆಹಲಿಯದು 28 ಡಿಗ್ರಿ 33 ಮಿನಿಟಿನಲ್ಲಿಯೂ ಇವೆ. ದೇವನಹಳ್ಳಿಯಿಂದ ದೆಹಲಿಗೆ 15 ಡಿಗ್ರಿ 21 ಮಿನಿಟು. ಎಂದರೆ 921 ನಾವಿಕ ಮೈಲಿ, ಸುಮಾರು 1,706 ಕಿ.ಮೀ. ರೇಖಾಂಶದ ಅಂತರವು ತೀರ ಅಲ್ಪವಾದುದರಿಂದ ಅದನ್ನು ಸೇರಿಸಿದರೂ ಒಂದು ಮೈಲಿ ಹೆಚ್ಚದು. ಮಂಗಳೂರಿಗೆ ಈ ಸುಲಭೋಪಾಯವು ಸಲ್ಲದು, ಅದು ಪಶ್ಚಿಮಕ್ಕಿದೆ. ರೇಖಾಂಶದ ಮಿನಿಟುಗಳನ್ನು ಅಕ್ಷಾಂಶದ ಕೊಸೈನಿನಿಂದ ಗುಣಿಸಿಕೊಳ್ಳಬೇಕು.

ವಿಮಾನವು ಗಂಟೆಗೆ 450 ನಾವಿಕ ಮೈಲಿ ಹಾರುವುದೆಂದು ಹಿಡಿದರೆ 921 ಮೈಲಿಗೆ ಎರಡು ಗಂಟೆ ಮೂರು ನಿಮಿಷ ಸಾಕು. ಆದರೆ ವೇಳಾಪಟ್ಟಿಯಲ್ಲಿ ಎರಡೂಮುಕ್ಕಾಲು ಗಂಟೆಯ ಆಸುಪಾಸು ಇರುತ್ತದೆ. ಕಾರಣವೇನು? ವಿಮಾನವು ತಂಗಿದ ಜಾಗ ಬಿಟ್ಟ ಕ್ಷಣದಿಂದ ಮತ್ತೊಂದು ಊರಿನಲ್ಲಿ ನಿಂತ ಕ್ಷಣದವರೆಗೂ ಗಡಿಯಾರವು ಓಡುತ್ತದೆ. ನೆಲದ ಮೇಲೆ ತೆವಳುವುದು, ಸರದಿ ಕಾಯುವುದು, ಏರುವಾಗ ಇಳಿಯುವಾಗ ವೇಗ ತಗ್ಗುವುದು, ಇವೆಲ್ಲವೂ ಸೇರಬೇಕು. ಮೇಲಾಗಿ ದೇವನಹಳ್ಳಿಯ ಓಡುದಾರಿಗಳು ಪೂರ್ವಪಶ್ಚಿಮವಾಗಿವೆ. ವಿಮಾನವು ಗಾಳಿಗೆ ಎದುರಾಗಿ ಏರತಕ್ಕದ್ದು; ಉತ್ತರಕ್ಕೆ ಹೋಗಬೇಕಾದುದು ಮೊದಲು ಪಶ್ಚಿಮಕ್ಕೋ ಪೂರ್ವಕ್ಕೋ ಮುಖಮಾಡಿ ಆಮೇಲೆ ತಿರುಗಬೇಕು.

ಇನ್ನು ನಮ್ಮ ಪ್ರಶ್ನೆ. ನಿಲ್ದಾಣವು ಉತ್ತರಕ್ಕೆ ಸರಿದುದು ಹದಿನೈದು ಮಿನಿಟು, ಅಂದರೆ ಹದಿನೈದು ನಾವಿಕ ಮೈಲಿ. ಆಕಾಶದಲ್ಲಿ ಅದರಿಂದಾದ ಉಳಿತಾಯ ಎರಡೇ ನಿಮಿಷ! ನೆಲದ ಲೆಕ್ಕ ಬೇರೆ. ಹಲಸೂರಿನಿಂದ ಹಳೆಯ ನಿಲ್ದಾಣಕ್ಕೆ ಆರೇಳು ಕಿ.ಮೀ. ಇದ್ದ ದಾರಿಯು ಈಗ ಸುಮಾರು ಮೂವತ್ತೈದು. ಬೆಳಗಿನ ಜಾವ ನಾಲ್ಕಕ್ಕೆ ಹೊರಟವನು ಒಂದು ಗಂಟೆಯೊಳಗೆ ಸೇರಿಯಾನು. ಸಂಜೆ ಆರಕ್ಕೆ ಹೊರಟವನು ಎರಡು ಗಂಟೆ ಕೈಯಲ್ಲಿಟ್ಟುಕೊಳ್ಳುವುದು ಲೇಸು. ಅಷ್ಟರಲ್ಲಿ ಆಕಾಶದ ವಿಮಾನವು ದೆಹಲಿಯ ಹತ್ತಿರ ಹತ್ತಿರ ಹೋಗಿರುತ್ತದೆ. ಯಲಹಂಕದವರಿಗೇನೋ ಲಾಭವೇ ಆಯಿತು, ಅವರನ್ನು ಕಂಡು ಕರುಬಿ ಫಲವಿಲ್ಲ. ನಮ್ಮಜ್ಜಿ ಈಗ, ನೆಂಟರು ಹೆಬ್ಬಾಳ ದಾಟಿದೆವೆಂದು ಫೋನು ಮಾಡಿದ ಮೇಲೆ ಅಕ್ಕಿ ತೊಳೆಯುತ್ತಾರೆ.