‘ಆರು ತಿಂಗಳು’ ಅಂದರೆ ಎಷ್ಟು ದಿನ? ವಿದೇಶ ವಲಸೆ ಅರ್ಜಿಯ ವಿಲೇವಾರಿ ಅವಧಿ ಓದುವ ಕ್ರಮ

ಕುಶಲ ನೌಕರರ ವಲಸೆ ಅರ್ಜಿಯ ಮುಂದೆ ವಿದೇಶಿ ಸರ್ಕಾರದ ಜಾಲತಾಣ ‘ಆರು ತಿಂಗಳು’ ಎಂದು ತೋರಿಸಿದರೆ ಅದು ಅರ್ಜಿದಾರರಿಗೆ ಕೊಟ್ಟ ಮಾತಲ್ಲ. ಬಹುಪಾಲು ಅದು ಬೇರೆಯವರ ಕಡತಗಳು ಎಷ್ಟು ದಿನ ತೆಗೆದುಕೊಂಡವು ಎಂಬ ಲೆಕ್ಕ. ಈ ವ್ಯತ್ಯಾಸ ತಿಳಿಯದೆ ಕೆಲಸಕ್ಕೆ ರಾಜೀನಾಮೆ ಕೊಟ್ಟವರು, ಮಕ್ಕಳನ್ನು ಶಾಲೆ ಬಿಡಿಸಿದವರು, ತೋಟವನ್ನು ಅವಸರದ ಬೆಲೆಗೆ ಗುತ್ತಿಗೆ ಕೊಟ್ಟವರು ಪಡುವ ಕಷ್ಟ ಸಣ್ಣದಲ್ಲ.

ಕರ್ನಾಟಕದಲ್ಲಿ ಸರ್ಕಾರಿ ಗಡುವು ಎಂದರೆ ನೆನಪಾಗುವುದು ಸಕಾಲ. 2011ರ ಕಾಯ್ದೆಯಡಿ 2012ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ನಾಡಕಚೇರಿಗೆ ಜಾತಿ, ಆದಾಯ ಪ್ರಮಾಣಪತ್ರದ ಅರ್ಜಿ ಕೊಟ್ಟರೆ ಜಿ.ಎಸ್.ಸಿ. ಸಂಖ್ಯೆಯೊಂದು ಸಿಗುತ್ತದೆ. ನಿಗದಿತ ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದಾದರೂ ಅದು ಹಕ್ಕು. ವಲಸೆ ಇಲಾಖೆಗಳು ಪ್ರಕಟಿಸುವ ಅವಧಿಗೆ ಇಂಥ ಬಲವಿಲ್ಲ. ಅದನ್ನು ಮಳೆ ಲೆಕ್ಕದ ಪುಸ್ತಕಕ್ಕೆ ಹೋಲಿಸುವುದು ಸರಿ. ಹಾಸನ ಜಿಲ್ಲೆಯ ಮಾರನಹಳ್ಳಿ ಸುತ್ತಿನ, ಸಕಲೇಶಪುರ–ಆಲೂರು ಬೆಟ್ಟಸೀಮೆಯ ಕಾಫಿ ತೋಟದ ಮನೆಗಳಲ್ಲಿ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟ್ ಬರೆದಿಡುವ ರೂಢಿಯಿದೆ. ಹತ್ತು ವರ್ಷದ ಪುಸ್ತಕ ತೆರೆದರೆ ಕಾಫಿ ಅರಳಿಸುವ ಹೂಮಳೆ ಸಾಮಾನ್ಯವಾಗಿ ಯಾವ ವಾರ ಬೀಳುತ್ತದೆಂದು ತಿಳಿಯುತ್ತದೆ. ಈ ವರ್ಷ ಅದೇ ವಾರ ಬೀಳುತ್ತದೆಂದು ಆ ಪುಸ್ತಕ ಹೇಳುವುದಿಲ್ಲ.

ಮೊದಲು ನೋಡಬೇಕಾದ್ದು: ಯಾವ ಲೆಕ್ಕ?

ಒಂದೊಂದು ದೇಶದ್ದು ಒಂದೊಂದು ಬಗೆಯ ಲೆಕ್ಕ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ 2015ರ ಜನವರಿ 1ರಂದು ಆರಂಭವಾಯಿತು. ಅಲ್ಲಿ ಎರಡು ಬೇರೆ ಅಂಕಿಗಳಿವೆ. ಆರು ತಿಂಗಳು ಎಂಬುದು ಸೇವಾ ಮಾನದಂಡ, ಅಂದರೆ ನೂರಕ್ಕೆ ಎಂಬತ್ತು ಅರ್ಜಿಗಳನ್ನು ಅಷ್ಟರೊಳಗೆ ಮುಗಿಸಬೇಕೆಂದು ಇಲಾಖೆ ತಾನೇ ಹಾಕಿಕೊಂಡ ಗುರಿ. ಸದ್ಯ ಎಷ್ಟು ಹಿಡಿಯುತ್ತಿದೆ ಎಂಬುದು ಇನ್ನೊಂದು ಅಂಕಿ. ಕೆಲವು ವರ್ಗಗಳಿಗೆ ಅದನ್ನು ಹಿಂದೆ ಮುಗಿದ ಕಡತಗಳಿಂದ ಲೆಕ್ಕ ಹಾಕುತ್ತಾರೆ, ಇನ್ನು ಕೆಲವಕ್ಕೆ ಸಾಲಿನಲ್ಲಿರುವ ಕಡತಗಳನ್ನು ನೋಡಿ ಅಂದಾಜು ಮಾಡುತ್ತಾರೆ. ಗುರಿ ಮತ್ತು ವಾಸ್ತವ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಬೇಕು.

ಆಸ್ಟ್ರೇಲಿಯಾದ ಗೃಹ ವ್ಯವಹಾರ ಇಲಾಖೆ 189, 190, 491 ಸಂಖ್ಯೆಯ ಕುಶಲ ವೀಸಾಗಳಿಗೆ ಅರ್ಧದಷ್ಟು ಅರ್ಜಿಗಳು ಎಷ್ಟರೊಳಗೆ ಮುಗಿದವು, ನೂರಕ್ಕೆ ತೊಂಬತ್ತು ಎಷ್ಟರೊಳಗೆ ಮುಗಿದವು ಎಂದು ಎರಡು ಅಂಕಿ ಕೊಡುತ್ತದೆ. ಈ ಎರಡರ ನಡುವಿನ ಅಂತರವನ್ನೇ ಗಮನಿಸಬೇಕು. ಅಂತರ ದೊಡ್ಡದಿದ್ದರೆ ಕೆಲವರ ಕಡತ ಬೇಗ ಓಡಿದೆ, ಉಳಿದವರದು ನಿಂತಿದೆ ಎಂದರ್ಥ. ಯಾವ ವೃತ್ತಿಯವರ ಅರ್ಜಿಯನ್ನು ಮೊದಲು ಎತ್ತಿಕೊಳ್ಳಬೇಕೆಂದು ಅಲ್ಲಿ ಸಚಿವರ ನಿರ್ದೇಶನವೇ ಇರುತ್ತದೆ. ಹಾಗಾಗಿ ನರ್ಸ್ ಮತ್ತು ಸಾಫ್ಟ್‌ವೇರ್ ಎಂಜಿನಿಯರ್ ಒಂದೇ ದಿನ ಅರ್ಜಿ ಹಾಕಿದರೂ ಒಂದೇ ದಿನ ಉತ್ತರ ಬರಬೇಕೆಂದಿಲ್ಲ.

ಬ್ರಿಟನ್ನಿನ ಕುಶಲ ನೌಕರ ವೀಸಾದ್ದು ಸರಳ. ದೇಶದ ಹೊರಗಿನಿಂದ ಅರ್ಜಿ ಹಾಕಿದರೆ ಸಾಮಾನ್ಯವಾಗಿ 3 ವಾರ, ಒಳಗಿದ್ದೇ ಹಾಕಿದರೆ 8 ವಾರ. ಆದರೆ ಬ್ರಿಟನ್ನಿನ ಉದ್ಯೋಗದಾತರು ಪ್ರಾಯೋಜಕತ್ವ ಪತ್ರ ಕೊಡದೆ ಈ ಅರ್ಜಿಯೇ ಹುಟ್ಟುವುದಿಲ್ಲ.

ಅಂಕಿ ಏರಿಳಿಯುವ ರೀತಿಯಲ್ಲೂ ಒಂದು ಸೂಕ್ಷ್ಮವಿದೆ. ಮುಗಿದ ಕಡತಗಳ ಲೆಕ್ಕ ಕೊಡುವ ಇಲಾಖೆ, ವರ್ಷಗಟ್ಟಲೆ ಕೊಳೆತ ಹಳೆಯ ಕಡತಗಳನ್ನು ಒಂದೇ ಸಲ ವಿಲೇವಾರಿ ಮಾಡಲು ಹೊರಟರೆ ಪ್ರಕಟಿತ ಅವಧಿ ಇದ್ದಕ್ಕಿದ್ದಂತೆ ಉದ್ದವಾಗುತ್ತದೆ. ಕೆಲಸ ಚುರುಕಾಗಿದೆ, ಅಂಕಿ ಕೆಟ್ಟಂತೆ ಕಾಣುತ್ತದೆ. ತೊಡಕಿನ ಕಡತಗಳನ್ನು ಮುಟ್ಟದೆ ಸುಲಭದ್ದನ್ನಷ್ಟೇ ಮುಗಿಸಿದರೆ ಅಂಕಿ ಚೆಂದ ಕಾಣುತ್ತದೆ. ಆದ್ದರಿಂದ ಒಂದು ದಿನದ ಅಂಕಿ ನೋಡಿ ಸಂತೋಷ, ದುಃಖ ಎರಡೂ ಬೇಡ. ತಿಂಗಳಿಗೊಮ್ಮೆ ದಿನಾಂಕ ಸಮೇತ ಬರೆದಿಟ್ಟರೆ ನಾಲ್ಕೈದು ತಿಂಗಳಲ್ಲಿ ಜಾಡು ಕಾಣುತ್ತದೆ.

ಗಡಿಯಾರ ಎಂದಿನಿಂದ ಓಡುತ್ತದೆ?

ಹೆಚ್ಚಿನವರು ಎಡವುವುದು ಇಲ್ಲಿಯೇ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಪ್ರೊಫೈಲ್ ಹಾಕಿದ ದಿನದಿಂದ ಎಣಿಕೆ ಶುರುವಾಗುವುದಿಲ್ಲ. ಪ್ರೊಫೈಲ್ ಎಂದರೆ ಅಂಕಗಳ ಸಾಲಿನಲ್ಲಿ ನಿಲ್ಲುವುದಷ್ಟೇ. 12 ತಿಂಗಳಲ್ಲಿ ಆಹ್ವಾನ ಬರದಿದ್ದರೆ ಅದರ ಅವಧಿ ಮುಗಿಯುತ್ತದೆ. ಆಹ್ವಾನ ಬಂದ ಮೇಲೆ ಪೂರ್ಣ ಅರ್ಜಿ ಸಲ್ಲಿಸಲು 60 ದಿನ. ಆ ಪೂರ್ಣ ಅರ್ಜಿ ಇಲಾಖೆಗೆ ತಲುಪಿದ ದಿನ ಗಡಿಯಾರದ ಮೊದಲ ದಿನ. ‘ಪೂರ್ಣ’ ಎಂಬ ಮಾತಿಗೆ ಇಲ್ಲಿ ತೂಕವಿದೆ. ಬೇಕಾದ ಒಂದು ದಾಖಲೆ ಇಲ್ಲದಿದ್ದರೂ ಅರ್ಜಿ ವಾಪಸಾಗಬಹುದು, ಆಗ ಎಣಿಕೆ ಶುರುವೇ ಆಗಿರುವುದಿಲ್ಲ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಬಹುದು. ಹಾಸನದಲ್ಲಿ ಓದಿದ ಎಂಜಿನಿಯರ್ ಒಬ್ಬರು ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯದ ಅಂಕಗಳ ಪ್ರತಿ ತರಿಸಲು ಅರ್ಜಿ ಕೊಡುತ್ತಾರೆ. ಅಕ್ಟೋಬರ್‌ನಲ್ಲಿ ಐಇಎಲ್‌ಟಿಎಸ್ ಭಾಷಾ ಪರೀಕ್ಷೆ ಬರೆಯುತ್ತಾರೆ. ಪದವಿಯ ಮೌಲ್ಯಮಾಪನ ವರದಿ ಕೈಗೆ ಬಂದು ಜನವರಿ 15ಕ್ಕೆ ಪ್ರೊಫೈಲ್ ಹಾಕುತ್ತಾರೆ. ಅದೃಷ್ಟವಿದ್ದು ಏಪ್ರಿಲ್ 2ಕ್ಕೆ ಆಹ್ವಾನ ಬರುತ್ತದೆ. ಜೂನ್ 1 ಕೊನೆಯ ದಿನ. ಮೇ 25ಕ್ಕೆ ಅರ್ಜಿ ಸಲ್ಲುತ್ತದೆ. ಆರು ತಿಂಗಳ ಲೆಕ್ಕ ಆಗ ಶುರುವಾಗಿ ನವೆಂಬರ್ 25ಕ್ಕೆ ಮುಗಿಯುತ್ತದೆ. ಮನೆಯವರ ಎಣಿಕೆಯಲ್ಲಿ ಅದು ಹದಿನೈದು ತಿಂಗಳು, ಇಲಾಖೆಯ ಎಣಿಕೆಯಲ್ಲಿ ಆರು. ಅದೂ ಎಂಬತ್ತು ಜನರ ಗುಂಪಿನಲ್ಲಿದ್ದರೆ ಮಾತ್ರ. ಉಳಿದ ಇಪ್ಪತ್ತರಲ್ಲಿ ಒಬ್ಬರಾದರೆ ಯಾವ ಅಂಕಿಯೂ ಅವರಿಗೆ ಅನ್ವಯಿಸುವುದಿಲ್ಲ.

ಗಡಿಯಾರಕ್ಕೆ ಮುಂಚಿನ ಕೆಲಸ

ಅರ್ಜಿದಾರರ ಕೈಯಲ್ಲಿರುವ ಸಮಯ ಇದೊಂದೇ. ಹಾಗಾಗಿ ಇದಕ್ಕೇ ಹೆಚ್ಚು ಗಮನ ಕೊಡಬೇಕು.

ಮೊದಲನೆಯದು ಹೆಸರು. ಹಾಸನ ಜಿಲ್ಲೆಯಲ್ಲಿ ಮನೆತನದ ಹೆಸರು ಬರೆಯುವ ರೂಢಿ ಕಡಿಮೆ. ಹೆಸರಿನೊಂದಿಗೆ ಇರುವುದು ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು. ಎಂ.ಆರ್. ಎಂದರೆ ಎಂ ಮಾರನಹಳ್ಳಿ, ಆರ್ ತಂದೆಯ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೊದಲಕ್ಷರ ಹೆಸರಿನ ಹಿಂದೆ ಕೂತಿರುತ್ತದೆ, ಪದವಿ ಪ್ರಮಾಣಪತ್ರದಲ್ಲಿ ಮುಂದೆ. ಪಾಸ್‌ಪೋರ್ಟ್‌ನಲ್ಲಿ ಅದೇ ಅಕ್ಷರ ಬಿಡಿಸಿಕೊಂಡು ‘ಮಾರನಹಳ್ಳಿ’ ಎಂಬುದೇ ಮನೆತನದ ಹೆಸರಾಗಿರುತ್ತದೆ, ಇಲ್ಲವೇ ಆ ಜಾಗ ಖಾಲಿ ಇರುತ್ತದೆ. ಈ ಮೂರೂ ಒಬ್ಬರೇ ಎಂದು ಊರಿನಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಒಟ್ಟಾವಾದಲ್ಲಿ ಕಡತ ನೋಡುವ ಅಧಿಕಾರಿಗೆ ವಿವರಿಸಬೇಕು. ಅವರು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಡತ ನಿಲ್ಲುತ್ತದೆ. ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಹರಡಿ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಮೂರನ್ನೂ ಅಕ್ಷರ ಅಕ್ಷರ ಹೋಲಿಸುವುದು ಒಂದು ಸಂಜೆಯ ಕೆಲಸ. ವ್ಯತ್ಯಾಸ ಕಂಡರೆ ತಿದ್ದಿಸಬೇಕು, ತಿದ್ದಿಸಲಾಗದಿದ್ದರೆ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಅರ್ಜಿಯ ಜೊತೆಗೇ ಇಡಬೇಕು.

ತೋಟದ ಲೈನ್ ಮನೆಗಳಲ್ಲಿ ಹುಟ್ಟಿದ ಹಲವರ ಜನನ ನೋಂದಣಿಯೇ ಆಗಿರುವುದಿಲ್ಲ. ಒಂದು ವರ್ಷ ಮೀರಿದ ಜನನವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟ್ ಅಧಿಕಾರವಿರುವ ಅಧಿಕಾರಿಯ ಆದೇಶ ಬೇಕು. ಇದು ವಾರದಲ್ಲಿ ಆಗುವ ಕೆಲಸವಲ್ಲ, ಪಾಸ್‌ಪೋರ್ಟ್‌ಗಿಂತ ಮೊದಲೇ ಕೈಗೆತ್ತಿಕೊಳ್ಳಬೇಕು.

ಪಾಸ್‌ಪೋರ್ಟ್‌ಗೆ ಹಾಸನದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಹತ್ತಿರ. ಪೊಲೀಸ್ ಪರಿಶೀಲನೆ ಸ್ಥಳೀಯ ಠಾಣೆಯಿಂದ ನಡೆಯುತ್ತದೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದು ಊರಿನ ವಿಳಾಸ ಕೊಟ್ಟವರು ಪರಿಶೀಲನೆಗೆ ಬಂದ ದಿನ ಊರಲ್ಲಿ ಸಿಗದಿದ್ದರೆ ವರದಿ ಪ್ರತಿಕೂಲವಾಗಬಹುದು. ವಿದೇಶಿ ಸರ್ಕಾರಗಳು ಕೇಳುವ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರಕ್ಕೂ ಇದೇ ದಾರಿ. 2022ರ ಸೆಪ್ಟೆಂಬರ್ ಕೊನೆಯಿಂದ ಅಂಚೆ ಕಚೇರಿ ಕೇಂದ್ರಗಳಲ್ಲೂ ಇದಕ್ಕೆ ಅರ್ಜಿ ಹಾಕಬಹುದು. ತೀರಾ ಮುಂಚೆ ಮಾಡಿಸಿದರೂ ತೊಂದರೆಯೇ. ಸದ್ಯ ವಾಸವಿರುವ ದೇಶದ ಪ್ರಮಾಣಪತ್ರ ಅರ್ಜಿಗಿಂತ ಆರು ತಿಂಗಳಿಗೂ ಹಳೆಯದಾಗಿರಬಾರದೆಂದು ಕೆನಡಾ ಹೇಳುತ್ತದೆ.

ಬೆರಳಚ್ಚು, ವೈದ್ಯಕೀಯ ತಪಾಸಣೆಗೆ ಬೆಂಗಳೂರಿಗೆ ಹೋಗಬೇಕು. ಬೆರಳಚ್ಚಿನ ಸೂಚನಾ ಪತ್ರ ಬಂದ ಮೇಲೆ ಕೆನಡಾ ಕೊಡುವುದು 30 ದಿನ. ಘಟ್ಟದ ಊರಿನವರು ಇದನ್ನು ಮಳೆಗಾಲದಲ್ಲಿ ಕೊನೆಯ ದಿನಕ್ಕೆ ಉಳಿಸಿಕೊಳ್ಳಬಾರದು. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ಶಿರಾಡಿ ಹೆದ್ದಾರಿ ಮುಚ್ಚಿತ್ತು. ಅದೇ ತಿಂಗಳು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಬುಡ ಕುಸಿದು ರೈಲೂ ನಿಂತಿತ್ತು. ಸೂಚನಾ ಪತ್ರ ಮಳೆಗಾಲದಲ್ಲಿ ಬಂದರೆ ಸಿಗುವ ಮೊದಲ ದಿನಾಂಕವನ್ನೇ ಕಾಯ್ದಿರಿಸಬೇಕು, ಹಿಂದಿನ ದಿನವೇ ಹೊರಡಬೇಕು.

ಸರದಿ ಬೇರೆ, ವಿಲೇವಾರಿ ಬೇರೆ

ಅಮೆರಿಕದ ಗ್ರೀನ್ ಕಾರ್ಡ್ ವಿಚಾರದಲ್ಲಿ ಈ ಎರಡನ್ನು ಬೆರೆಸಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಅಲ್ಲಿನ ಪೌರತ್ವ ಮತ್ತು ವಲಸೆ ಸೇವಾ ಇಲಾಖೆ ಕಳೆದ ಆರು ತಿಂಗಳಲ್ಲಿ ಮುಗಿದ ಪ್ರಕರಣಗಳಲ್ಲಿ ನೂರಕ್ಕೆ ಎಂಬತ್ತು ಎಷ್ಟರೊಳಗೆ ಮುಗಿದವೆಂದು ಪ್ರಕಟಿಸುತ್ತದೆ. ಅದು ಅರ್ಜಿ ನೋಡಲು ಹಿಡಿಯುವ ಕಾಲ. ಅದಕ್ಕಿಂತ ಬಹಳ ದೊಡ್ಡದು ಸರದಿಯ ಕಾಲ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳು ವರ್ಷಕ್ಕೆ ಸುಮಾರು 1,40,000. ಒಂದೊಂದು ದೇಶದವರಿಗೆ ನೂರಕ್ಕೆ ಏಳರ ಮಿತಿ. ಭಾರತೀಯರ ಬೇಡಿಕೆ ಆ ಮಿತಿಯನ್ನು ಎಂದೋ ದಾಟಿದೆ. ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ ಯಾವ ದಿನಾಂಕದವರೆಗಿನವರ ಸರದಿ ಬಂದಿದೆ ಎಂದಿರುತ್ತದೆ. 2025ರ ಮೇ ಬುಲೆಟಿನ್‌ನಲ್ಲಿ ಇಬಿ-2 ಎಂಬ ಉದ್ಯೋಗ ಆಧಾರಿತ ವರ್ಗದ ಭಾರತೀಯರಿಗೆ ಆ ದಿನಾಂಕ 2013ರ ಜನವರಿ 1. ಅಂದರೆ ಹನ್ನೆರಡು ವರ್ಷ ಹಿಂದೆ ಸಾಲಿಗೆ ನಿಂತವರ ಕಡತ ಆಗ ಬಾಗಿಲಿಗೆ ಬಂದಿತ್ತು. ಇದು ಯಾವ ಅಧಿಕಾರಿಯ ಸೋಮಾರಿತನದ ಫಲವೂ ಅಲ್ಲ, ಕಾನೂನು ಕಟ್ಟಿದ ಗೋಡೆ. ಇಲ್ಲಿ ಶುಲ್ಕ ಕೊಟ್ಟು ಪಡೆಯುವ ಪ್ರೀಮಿಯಂ ಸೇವೆ ಅರ್ಜಿಯ ತೀರ್ಮಾನವನ್ನು ಬೇಗ ಮಾಡಿಸಬಹುದೇ ಹೊರತು ಸರದಿಯನ್ನು ಒಂದು ದಿನವೂ ಮುಂದಕ್ಕೆ ತರುವುದಿಲ್ಲ.

ಕಾಯುವಾಗ

ಕಾಗದಗಳಿಗೂ ವಯಸ್ಸಾಗುತ್ತದೆ. ಕೆನಡಾದ ಮಟ್ಟಿಗೆ ಭಾಷಾ ಪರೀಕ್ಷೆಯ ಫಲಿತಾಂಶಕ್ಕೆ 2 ವರ್ಷ, ಪದವಿ ಮೌಲ್ಯಮಾಪನಕ್ಕೆ 5 ವರ್ಷ, ವೈದ್ಯಕೀಯ ತಪಾಸಣೆಗೆ 12 ತಿಂಗಳ ಆಯುಷ್ಯ. ಬ್ರಿಟನ್ನಿಗೆ ಕೊಡುವ ಕ್ಷಯ ತಪಾಸಣೆ ಪತ್ರಕ್ಕೆ 6 ತಿಂಗಳು. ಒಂದು ಹಾಳೆಯಲ್ಲಿ ದಾಖಲೆ, ಪಡೆದ ದಿನ, ಮುಗಿಯುವ ದಿನ ಎಂದು ಬರೆದು ಗೋಡೆಗೆ ಅಂಟಿಸಿಕೊಂಡರೆ ಸಾಕು. ಮದುವೆ, ಮಗು, ಹೊಸ ಪಾಸ್‌ಪೋರ್ಟ್, ಕೆಲಸದ ಬದಲಾವಣೆ ಏನೇ ಆದರೂ ಇಲಾಖೆಗೆ ತಿಳಿಸಬೇಕು. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ತಡವಾಗುವುದಿರಲಿ, ಅರ್ಜಿಯೇ ಬಿದ್ದುಹೋಗಬಹುದು.

ಪ್ರಕಟಿತ ಅವಧಿ ಮುಗಿಯುವ ಮುನ್ನ ಇಲಾಖೆಗೆ ಮತ್ತೆ ಮತ್ತೆ ಬರೆದು ಪ್ರಯೋಜನವಿಲ್ಲ. ಮೀರಿದ ಮೇಲೆ ಅಧಿಕೃತ ಜಾಲತಾಣದ ನಮೂನೆಯಲ್ಲೇ, ಅರ್ಜಿ ಸಂಖ್ಯೆ ಮತ್ತು ದಿನಾಂಕ ನಮೂದಿಸಿ, ಒಂದೇ ಸಲ ಸ್ಪಷ್ಟವಾಗಿ ಕೇಳಬೇಕು. ಅಮೆರಿಕದ ಜಾಲತಾಣದಲ್ಲಿ ಯಾವ ದಿನದ ನಂತರ ವಿಚಾರಿಸಬಹುದೆಂದು ಪ್ರತ್ಯೇಕವಾಗಿಯೇ ತೋರಿಸುತ್ತಾರೆ.

‘ಮೂರು ತಿಂಗಳಲ್ಲಿ ಮಾಡಿಸಿಕೊಡುತ್ತೇವೆ’ ಎನ್ನುವ ಏಜೆಂಟರ ಮಾತನ್ನು ಮೇಲಿನ ಲೆಕ್ಕದ ಎದುರು ಇಟ್ಟು ನೋಡಬೇಕು. ಕಡತದ ಸರದಿ ಬದಲಿಸುವ ಅಧಿಕಾರ ಯಾವ ಏಜೆಂಟರಿಗೂ ಇಲ್ಲ. ಕೆನಡಾ ಅರ್ಜಿಗೆ ಹಣ ಪಡೆದು ಪ್ರತಿನಿಧಿಯಾಗಬೇಕಾದರೆ ಅಲ್ಲಿನ ಪರವಾನಗಿ ಪಡೆದ ವಲಸೆ ಸಲಹೆಗಾರರೋ ವಕೀಲರೋ ಆಗಿರಬೇಕು. ವಿದೇಶದ ನೌಕರಿಗೆ ಜನರನ್ನು ಕಳಿಸುವ ಭಾರತದ ಏಜೆನ್ಸಿ 1983ರ ವಲಸೆ ಕಾಯ್ದೆಯಡಿ ನೋಂದಣಿ ಆಗಿರಬೇಕು. ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ತೆರಿಗೆ ಬಿಟ್ಟು 30,000 ರೂಪಾಯಿ ಮೀರುವಂತಿಲ್ಲ. ನೋಂದಣಿ ಇದೆಯೇ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಮೊಬೈಲಿನಲ್ಲೇ ನೋಡಬಹುದು.

ವೀಸಾ ಕೈಗೆ ಬಂದು, ಅದರಲ್ಲಿನ ಹೆಸರು ಮತ್ತು ದಿನಾಂಕಗಳನ್ನು ಪಾಸ್‌ಪೋರ್ಟ್ ಜೊತೆ ಹೋಲಿಸಿ ನೋಡುವವರೆಗೆ ಕೆಲಸಕ್ಕೆ ರಾಜೀನಾಮೆ ಬೇಡ, ಟಿಕೆಟ್ ಬೇಡ, ತೋಟದ ಗುತ್ತಿಗೆ ಪತ್ರಕ್ಕೆ ಸಹಿಯೂ ಬೇಡ.