ಹತ್ತನೆಯದಕ್ಕೆ ಊರು ಬದಲಾದರೆ ಮಗಳ ಓದು ಕೆಡುತ್ತದೆಯೇ?

ಪ್ರಶ್ನೆ: ನಾವು ಧಾರವಾಡದವರು, ಎರಡು ವರ್ಷದಿಂದ ನಾಸಿಕದಲ್ಲಿದ್ದೇವೆ. ಮಗಳು ಇಲ್ಲಿನ ಎಸ್‌ಎಸ್‌ಸಿ ಬೋರ್ಡಿನ ಕಾನ್ವೆಂಟ್ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂಬತ್ತನೆಯ ತರಗತಿ. ಯಜಮಾನರಿಗೆ ಛತ್ರಪತಿ ಸಂಭಾಜಿನಗರದ ವಾಳೂಜ್‌ಗೆ ವರ್ಗವಾಗಿದೆ. ಈಗ ಶಾಲೆ ಬಿಡಿಸಿದರೆ ಹತ್ತನೆಯದು ಕೆಡುತ್ತದೆಯೇ? ಮರಾಠಿಯಲ್ಲಿ ಮೂವತ್ತು ದಾಟುವುದಿಲ್ಲ. ಶಾಲೆಯ ಪ್ರಾರ್ಥನೆ, ನೀತಿಪಾಠದಲ್ಲೂ ಪಾಸಾಗಬೇಕೆ? ಅವಳು ಮಾತೇ ಕಡಿಮೆ ಮಾಡಿದ್ದಾಳೆ.
— ಒಬ್ಬ ತಾಯಿ, ನಾಸಿಕ

ಉತ್ತರ: ತಾಯಿ, ನಿಯಮಗಳ ಭಯವನ್ನು ಮೊದಲು ಇಳಿಸುತ್ತೇನೆ. ಎರಡೂ ಊರುಗಳಲ್ಲಿ ಬೋರ್ಡಿನ ವಿಭಾಗೀಯ ಕಚೇರಿ ಇದೆ. ಎರಡಕ್ಕೂ ಪುಣೆಯೇ ಕೇಂದ್ರ. ಪಠ್ಯ, ಪರೀಕ್ಷೆ ಎಲ್ಲ ಒಂದೇ. ಆದರೆ ಹತ್ತನೆಯದರ ಪರೀಕ್ಷಾ ಅರ್ಜಿ ತುಂಬಿದ ಮೇಲೆ ಶಾಲೆ ಬದಲಿಸುವುದು ತೊಡಕು. ಹೋಗುವುದಾದರೆ ಒಂಬತ್ತನೆಯದರ ಫಲಿತಾಂಶ ಬಂದ ಕೂಡಲೇ ಎಲ್‌ಸಿ (ಶಾಲೆ ಬಿಟ್ಟ ಪ್ರಮಾಣಪತ್ರ) ಪಡೆದು, ಜೂನ್‌ನಲ್ಲಿ ಶಾಲೆ ತೆರೆಯುವಷ್ಟರಲ್ಲಿ ಸೇರಿಸಿ. ಅವಳು ಓದುತ್ತಿರುವ ಭಾಷೆಗಳೇ ಹೊಸ ಶಾಲೆಯಲ್ಲೂ ಇವೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಪರೀಕ್ಷೆ ಆರು ವಿಷಯಕ್ಕೆ, 600 ಅಂಕ. ಶೇಕಡಾವಾರು ಲೆಕ್ಕಕ್ಕೆ ಹಿಡಿಯುವುದು ಚೆನ್ನಾಗಿ ಬಂದ ಐದನ್ನು. ಹಾಗೆಂದು ಮರಾಠಿಯನ್ನು ಕೈಬಿಡುವಂತಿಲ್ಲ; 35 ದಾಟುವ ಗುರಿ ಇರಲಿ. ಬರೆಯುವುದು 80ಕ್ಕೆ, ಉಳಿದ 20 ಶಾಲೆಯಲ್ಲೇ. ಆ ಇಪ್ಪತ್ತರಲ್ಲಿ ಮಾತು, ಆಲಿಸುವಿಕೆಗೆ ಅಂಕವಿದೆ. ಪಕ್ಕದ ಮನೆಯ ಮರಾಠಿ ಹುಡುಗಿಯ ಸ್ನೇಹವೇ ಅದಕ್ಕೆ ತಯಾರಿ. ಬರವಣಿಗೆಯಲ್ಲಿ ಪತ್ರ, ಜಾಹೀರಾತು, ಸುದ್ದಿ ಬರೆಯುವ ‘ಉಪಯೋಜಿತ ಲೇಖನ’ದಿಂದ ಶುರುಮಾಡಲಿ. ಅದಕ್ಕೊಂದು ಚೌಕಟ್ಟಿದೆ, ಬೇಗ ಕೈಗೆ ಹತ್ತುತ್ತದೆ. ದಿನಕ್ಕೊಂದು ಬರೆದು ಟೀಚರ್‌ಗೆ ತೋರಿಸಲಿ.

ಪ್ರಾರ್ಥನೆಗೂ ಬೋರ್ಡಿನ ಫಲಿತಾಂಶಕ್ಕೂ ಸಂಬಂಧವಿಲ್ಲ. ಸರ್ಕಾರದ ಮಾನ್ಯತೆ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 28(3)ನೇ ವಿಧಿ. ನೀತಿಪಾಠ ಬೇರೆ. ಅದರಲ್ಲಿ ಏನು ಕಲಿಸುತ್ತಾರೆಂದು ಸಿಸ್ಟರ್ ಅವರನ್ನೇ ಕೇಳಿ, ಸಂಕೋಚ ಬೇಡ.

ಇನ್ನು ಅವಳ ಮೌನ. ಎರಡೇ ವರ್ಷದ ಹಿಂದೆ ಧಾರವಾಡದ ಗೆಳತಿಯರನ್ನು ಬಿಟ್ಟು ಬಂದ ಹುಡುಗಿ ಅವಳು. ಇಲ್ಲಿ ಈಗಷ್ಟೇ ಜೊತೆ ಸಿಕ್ಕಿದೆ, ಅಷ್ಟರಲ್ಲಿ ಮತ್ತೆ ಗಂಟುಮೂಟೆ. ಅವಳನ್ನು ಕಾಡುತ್ತಿರುವುದು ಮರಾಠಿಗಿಂತ ಹೆಚ್ಚಾಗಿ ಇದೇ ಇರಬಹುದು. ಗಂಡ ಹೆಂಡತಿ ಇಬ್ಬರೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ದಾರಿ ಮುಂದಿಡಿ: ಜೂನ್‌ಗೆ ಎಲ್ಲರೂ ಹೋಗುವುದು, ಇಲ್ಲವೇ ಅವಳ ಪರೀಕ್ಷೆ ಮುಗಿಯುವ ಮಾರ್ಚ್‌ವರೆಗೆ ನೀವೂ ಅವಳೂ ನಾಸಿಕದಲ್ಲೇ ಉಳಿಯುವುದು. ಎರಡನೆಯದು ಕೈಗೆ ಎಟುಕುವಂತಿದ್ದರೆ ನನ್ನ ಒಲವು ಅದಕ್ಕೇ. ಆದರೆ ಅವಳ ಮಾತು ಕೇಳದೆ ಯಾವುದನ್ನೂ ತೀರ್ಮಾನಿಸಬೇಡಿ.